ಮಂಚದ ಕೆಳಗಿನ ಬಾಟ್ಲಿ

ಚಿಕ್ಕಬಳ್ಳಾಪುರ ಸೀಮೆಯ ಯಾವ ದೊಡ್ಡಾಸ್ಪತ್ರೆಯ ವಾರ್ಡಿಗೆ ಹೋದರೂ ಒಂದಲ್ಲ ಒಂದು ಮಂಚದ ಕೆಳಗೆ ಆ ಬಾಟ್ಲಿ ಕಾಣಸಿಗುತ್ತದೆ. ಕಾಲುಭಾಗ ನೀರು, ನೀರಿನಲ್ಲಿ ತುದಿ ಮುಳುಗಿಸಿಕೊಂಡ ಒಂದು ಕೊಳವೆ. ಅದರ ಇನ್ನೊಂದು ತುದಿ ಮಂಚದ ಮೇಲೆ ಮಲಗಿದವನ ಪಕ್ಕೆಯ ಒಳಗೆ. ಅವನು ಉಸಿರೆಳೆದಾಗ ಕೊಳವೆಯೊಳಗಿನ ನೀರು ಒಂದೆರಡು ಬೆರಳು ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ, ಕೆಮ್ಮಿದರೆ ಗುಳುಗುಳು ಎನ್ನುತ್ತದೆ. ಡಾಕ್ಟರುಗಳ ಬಾಯಲ್ಲಿ ಇದು 'ಐಸಿಡಿ'. ಹಳ್ಳಿಯಿಂದ ಬಂದವರಿಗೆ ಬರೀ 'ಪೈಪು'. "ಎದ್ಯಾಗೆ ನೀರು ಸೇರ್ಕೊಂಡಿತ್ತು, ಪೈಪ್ ಹಾಕವ್ರೆ" ಎಂದು ಊರಿಗೆ ಫೋನ್ ಹೋಗುತ್ತದೆ. ಜತೆಗಿದ್ದ ಹೆಂಗಸು ರೋಗಿಯನ್ನು ಪಾಯಿಖಾನೆಗೆ ಕರೆದೊಯ್ಯಲು ಬಾಟ್ಲಿ ಎತ್ತಿ ಕಂಕುಳಲ್ಲಿ ಇರುಕಿಕೊಂಡರೆ ನರ್ಸಮ್ಮ ದೂರದಿಂದಲೇ ಕೂಗುತ್ತಾರೆ: "ಮೇಲಕ್ಕೆ ಎತ್ಬೇಡಮ್ಮ, ಎದೆಗಿಂತ ಕೆಳಗೇ ಇರ್ಲಿ!"

ಯಾಕೆ ಎಂದು ಅವರು ಹೇಳುವುದಿಲ್ಲ, ಹೇಳಲು ಪುರುಸೊತ್ತಿಲ್ಲ. ಬಾಟ್ಲಿ ಎದೆಗಿಂತ ಮೇಲೆ ಹೋದರೆ ಅದರೊಳಗಿನದೆಲ್ಲ ತಿರುಗಿ ಎದೆಗೇ ಹರಿಯುತ್ತದೆ. ಇಷ್ಟು ಸರಳವಾದ ಏರ್ಪಾಡನ್ನು ಕಂಡುಕೊಳ್ಳಲು ಮನುಷ್ಯನಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು. ಎದೆಗೆ ತೂತು ಮಾಡಿ ನೀರು, ಕೀವು ಹೊರಕ್ಕೆ ಬಿಡುವುದು ಗ್ರೀಕರ ಕಾಲಕ್ಕೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು, ಆ ತೂತಿನಿಂದ ಗಾಳಿ ಒಳಕ್ಕೆ ನುಗ್ಗದಂತೆ ತಡೆಯುವ ಬಗೆ.

ಶ್ವಾಸಕೋಶವನ್ನು ಸುತ್ತಿಕೊಂಡು ಎರಡು ಪದರದ ತೆಳು ಹೊದಿಕೆಯೊಂದಿದೆ, ಪ್ಲೂರಾ. ಒಂದು ಪದರ ಶ್ವಾಸಕೋಶಕ್ಕೆ ಅಂಟಿದೆ, ಇನ್ನೊಂದು ಪಕ್ಕೆಗೂಡಿನ ಒಳಗೋಡೆಗೆ. ನಡುವೆ ಇರುವುದು ಕೆಲವೇ ಚಮಚ ದ್ರವ, ಬಾಗಿಲ ಕೀಲಿಗೆ ಹಾಕಿದ ಎಣ್ಣೆಯಷ್ಟು. ಅಲ್ಲಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಶ್ವಾಸಕೋಶ ಹಿಗ್ಗಿ ನಿಂತಿರುವುದೇ ಆ ಎಳೆತದಿಂದ. ಕ್ಷಯ, ನ್ಯುಮೋನಿಯಾ, ಕ್ಯಾನ್ಸರ್, ಸೋತ ಹೃದಯ, ಕೆಟ್ಟ ಮೂತ್ರಪಿಂಡ ಇವುಗಳಲ್ಲಿ ಯಾವುದರಿಂದಲಾದರೂ ಆ ಸಂದಿನಲ್ಲಿ ನೀರು ತುಂಬಬಹುದು. ಲೀಟರುಗಟ್ಟಲೆ ತುಂಬಿದರೆ ಶ್ವಾಸಕೋಶ ಮೂಲೆಗೆ ಮುದುಡಿಕೊಳ್ಳುತ್ತದೆ. ಇನ್ನು ಗೋಡೆಗೆ ತೂತು ಬಿದ್ದು ಗಾಳಿ ನುಗ್ಗಿತೋ, ಎಳೆತವೇ ಹೋಗಿ ಶ್ವಾಸಕೋಶ ಕುಸಿದು ಕೂರುತ್ತದೆ.

ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ಧೂಳು ಏಳುವ ಈ ಸೀಮೆಯಲ್ಲಿ 'ನೀರು ಜಾಸ್ತಿಯಾಯ್ತು' ಎಂಬ ದೂರು ಕೇಳಿಬರುವುದು ಆಸ್ಪತ್ರೆಯಲ್ಲಿ ಮಾತ್ರ ಎಂದು ಬಲ್ಲವರು ತಮಾಷೆ ಮಾಡುವುದುಂಟು. ನದಿಗಳು ಹುಟ್ಟುತ್ತವೆ, ನಿಲ್ಲುವುದಿಲ್ಲ. ನಂದಿ ಸಾಲಿನಿಂದ ಇಳಿಯುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮಗ್ಗುಲಲ್ಲಿ ಮರಳಾಗಿ ಮಲಗಿದೆ. ಹಾಗಾಗಿ ಹಿಂದಿನವರು ಕೆರೆ ಕಟ್ಟಿ ಬದುಕಿದರು. ಕೆರೆಗೆ ತೂಬು, ತೂಬಿಗೆ ನೀರಗಂಟಿ. ಎಷ್ಟು ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಅವನಿಗೆ ಬಿಟ್ಟದ್ದು. ಒಮ್ಮೆಗೇ ತೆರೆದರೆ ಕಾಲುವೆ ಕೊಚ್ಚಿ ಹೋದೀತು, ಏರಿಯೂ ಕುಸಿದೀತು. ಎದೆಯ ನೀರಿನ ಚರಿತ್ರೆ ಓದುವಾಗಲೆಲ್ಲ ನನಗೆ ನೀರಗಂಟಿ ನೆನಪಾಗುತ್ತಾನೆ.

ಸುಶ್ರುತ ಸಂಹಿತೆಯಲ್ಲಿ ಎದೆಯ ನೀರು ತೆಗೆಯುವ ಮಾತಿಲ್ಲ, ಹೊಟ್ಟೆಯ ನೀರಿನದಿದೆ. ಜಲೋದರದ ರೋಗಿಗೆ ಹೊಕ್ಕುಳಿನ ಕೆಳಗೆ, ಎಡಕ್ಕೆ ನಾಲ್ಕು ಅಂಗುಲ ಬಿಟ್ಟು ವ್ರೀಹಿಮುಖವೆಂಬ ಸಲಕರಣೆಯಿಂದ ಚುಚ್ಚಬೇಕು. ಭತ್ತದ ಕಾಳಿನ ಮೂತಿಯಂಥ ಮೊನೆ ಅದಕ್ಕೆ, ಹೆಸರೇ ಹೇಳುತ್ತದೆ. ತೂತಿಗೆ ಲೋಹದ ನಳಿಕೆಯನ್ನೋ ಹಕ್ಕಿಗರಿಯ ಕೊಳವೆಯನ್ನೋ ಇಟ್ಟು ನೀರು ಬಿಡಬೇಕು. ಆದರೆ ಒಂದೇ ದಿನ ಎಲ್ಲ ತೆಗೆಯಬಾರದು. ತೆಗೆದರೆ ಬಾಯಾರಿಕೆ, ಜ್ವರ, ಉಬ್ಬಸ ಶುರುವಾಗುತ್ತವೆ. ಕೆಲವು ದಿನ ಬಿಟ್ಟು ಬಿಟ್ಟು, ಸ್ವಲ್ಪ ಸ್ವಲ್ಪವಾಗಿ ತೆಗೆದು ಹದಿನಾರು ದಿನಕ್ಕೆ ಮುಗಿಸಬೇಕು. ಪ್ರತಿಸಲವೂ ಹೊಟ್ಟೆಯನ್ನು ಬಿಗಿಯಾಗಿ ಸುತ್ತಿ ಕಟ್ಟಬೇಕು. ಅತ್ತ ಗ್ರೀಸಿನಲ್ಲಿ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳೂ ಅದನ್ನೇ ಹೇಳುತ್ತವೆ, ಕೀವಾಗಲಿ ನೀರಾಗಲಿ ಒಮ್ಮೆಗೇ ಬರಿದುಮಾಡಿದರೆ ರೋಗಿ ಉಳಿಯುವುದಿಲ್ಲ ಎಂದು. ಇಂದಿನ ವೈದ್ಯರೂ ಎದೆಯಿಂದ ಒಂದು ಸಲಕ್ಕೆ ಒಂದೂವರೆ ಲೀಟರ್ ಎಂಬ ಗೆರೆ ಇಟ್ಟುಕೊಂಡಿದ್ದಾರೆ. ದೀರ್ಘಕಾಲ ಮುದುಡಿದ್ದ ಶ್ವಾಸಕೋಶ ದಿಢೀರನೆ ಅರಳಿದರೆ ಅದರೊಳಗೇ ನೀರು ಒಸರಿ ಉಸಿರು ಕಟ್ಟುತ್ತದೆ. ಕಾರಣ ತಿಳಿದದ್ದು ತೀರಾ ಈಚೆಗೆ. ಅಷ್ಟು ಹಿಂದಿನವರು ಬರೀ ಕಣ್ಣಿನಿಂದ ಇದನ್ನು ಕಂಡುಕೊಂಡಿದ್ದರು.

ಗ್ರೀಕರ ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಕೀವು ಎಲ್ಲಿದೆ ಎಂದು ತಿಳಿಯಲು ಎದೆಗೆಲ್ಲ ಒದ್ದೆ ಜೇಡಿಮಣ್ಣು ಮೆತ್ತಿದ ಬಟ್ಟೆ ಸುತ್ತುವುದು. ಮಣ್ಣು ಮೊದಲು ಎಲ್ಲಿ ಒಣಗುತ್ತದೋ ಅಲ್ಲಿ ಕಾವು ಹೆಚ್ಚು, ಅಲ್ಲಿ ಕೊಯ್ಯಬೇಕು. ಹೆಗಲು ಹಿಡಿದು ರೋಗಿಯನ್ನು ಅಲುಗಿಸಿ ಕಿವಿಗೊಡುತ್ತಿದ್ದರು, ಅರ್ಧ ತುಂಬಿದ ಕೊಡದಂತೆ ಒಳಗೆ ತುಳುಕುವ ಸದ್ದಿಗಾಗಿ. ನಂತರ ಪಕ್ಕೆಗಳ ನಡುವೆ ಕೊಯ್ದು, ಇಲ್ಲವೇ ಪಕ್ಕೆಲುಬಿಗೇ ತೂತು ಕೊರೆದು, ಗಾಯಕ್ಕೆ ನಾರುಬಟ್ಟೆಯ ಬತ್ತಿ ತುರುಕಿ, ದಿನಕ್ಕೊಮ್ಮೆ ತೆಗೆದು ಕೀವು ಬಿಡುತ್ತಿದ್ದರು. ಹಳೆಯ ಕೀವಿನಲ್ಲಿ ಶ್ವಾಸಕೋಶ ಗೋಡೆಗೆ ಅಂಟಿಕೊಂಡಿರುತ್ತದೆ. ಆಗ ಗಾಳಿ ಹೊಕ್ಕರೂ ಅದು ಕುಸಿಯುವುದಿಲ್ಲ. ಬದುಕಿದವರು ಬಹುಶಃ ಅಂಥವರೇ.

ಇದಾದ ಮೇಲೆ ಸಾವಿರಾರು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. 1761ರಲ್ಲಿ ಆಸ್ಟ್ರಿಯಾದ ಆವೆನ್‌ಬ್ರುಗರ್ ಎಂಬ ವೈದ್ಯ ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ನೀರಿನ ಮಟ್ಟ ಹೇಳಬಹುದು ಎಂದು ಬರೆದ. ಅವನು ಹೋಟೆಲಿನವನ ಮಗ. ಪೀಪಾಯಿ ತಟ್ಟಿ ಹೆಂಡ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದ ಮನೆ. ಹಲಸಿನ ಹಣ್ಣು ತಟ್ಟಿ ಕೊಳ್ಳುವ ನಮಗೆ ಇದರಲ್ಲಿ ಅಚ್ಚರಿಯಿಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದ ಸುರುಳಿ ಸುತ್ತಿ ಎದೆಯ ಸದ್ದು ಕೇಳಿದ; ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಹೀಗೆ ನೀರು ಎಲ್ಲಿದೆ ಎಂಬುದು ತಿಳಿಯಿತು. ತೆಗೆಯುವುದು ಮಾತ್ರ ಸಾವಿನೊಡನೆ ಆಟವಾಗಿಯೇ ಉಳಿಯಿತು. ಪ್ಯಾರಿಸಿನ ಹೆಸರಾಂತ ಶಸ್ತ್ರವೈದ್ಯ ಡ್ಯೂಪುಯ್‌ಟ್ರಾನ್ ಎದೆಯ ಕೀವಿಗೆ ಕೊಯ್ದ ಐವತ್ತು ರೋಗಿಗಳಲ್ಲಿ ಉಳಿದವರು ನಾಲ್ವರು ಎಂಬ ಲೆಕ್ಕ ಚರಿತ್ರೆಯ ಪುಸ್ತಕಗಳಲ್ಲಿ ಓಡಾಡುತ್ತದೆ. 1835ರಲ್ಲಿ ಅವನಿಗೇ ಎದೆಯಲ್ಲಿ ಕೀವಾಯಿತು. ಸಹೋದ್ಯೋಗಿಗಳು ಚಾಕು ಹಿಡಿದು ಬಂದರು, ಅವನು ಬೇಡ ಎಂದ. ಡಾಕ್ಟರ ಕೈಯಲ್ಲಿ ಸಾಯುವುದಕ್ಕಿಂತ ದೇವರ ಕೈಯಲ್ಲಿ ಸಾಯುವುದು ಲೇಸೆಂದನಂತೆ. ಲೆಕ್ಕ ಬಲ್ಲವನ ತೀರ್ಮಾನ.

ಗಾಳಿ ಒಳಹೋಗದಂತೆ ಬಾಗಿಲು ಕಟ್ಟುವ ಯೋಚನೆ ಬಂದದ್ದು ಲಿಯಾನ್ ನಗರದ ರೇಬಾರ್ ಎಂಬವನಿಗೆ. ಚುಚ್ಚಿದ ನಳಿಕೆಯ ಹೊರತುದಿಗೆ ಎತ್ತಿನ ಕರುಳಿನ ತೆಳುಪೊರೆಯನ್ನು ಕಟ್ಟಿ ಜೋತುಬಿಟ್ಟ. ನೀರು ಬಂದಾಗ ಪೊರೆ ಉಬ್ಬಿ ದಾರಿ ಬಿಡುತ್ತದೆ, ಉಸಿರೆಳೆದಾಗ ಅಂಟಿ ಮುಚ್ಚಿಕೊಳ್ಳುತ್ತದೆ. ಒಮ್ಮುಖದ ಬಾಗಿಲು. ನೂರಕ್ಕೂ ಹೆಚ್ಚು ವರ್ಷದ ಮೇಲೆ, 1960ರ ದಶಕದಲ್ಲಿ, ಅಮೆರಿಕದ ಹೈಮ್ಲಿಕ್ ಇದನ್ನೇ ರಬ್ಬರಿನಲ್ಲಿ ಮಾಡಿದಾಗ ವಿಯೆಟ್ನಾಂ ಯುದ್ಧದ ಗಾಯಾಳುಗಳಿಗೆ ಅದು ಬಳಕೆಯಾಯಿತು. ನಮ್ಮ ಕಡೆ ಆ ಕವಾಟ ಇಲ್ಲದ ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಗ್ಲೌಸಿನ ಒಂದು ಬೆರಳು ಕತ್ತರಿಸಿ, ತುದಿ ಸೀಳಿ, ಪೈಪಿಗೆ ಕಟ್ಟಿ ಆಂಬುಲೆನ್ಸ್ ಹತ್ತಿಸುವುದುಂಟು. ರೇಬಾರನ ಹೆಸರೂ ಕೇಳದ ಡ್ಯೂಟಿ ಡಾಕ್ಟರ್ ಅರ್ಧರಾತ್ರಿಯಲ್ಲಿ ಅವನ ಎತ್ತಿನ ಕರುಳನ್ನು ಮತ್ತೆ ಕಟ್ಟುತ್ತಾರೆ.

ಇನ್ನೊಂದು ದಾರಿ, ಹೀರುವುದು. 1850ರ ಏಪ್ರಿಲ್ 17ರಂದು ಬಾಸ್ಟನ್ನಿನ ಬೌಡಿಚ್, ಗೆಳೆಯ ವೈಮನ್ ಮಾಡಿಕೊಟ್ಟಿದ್ದ ಸಣ್ಣ ನಳಿಕೆ ಮತ್ತು ಹಿತ್ತಾಳೆಯ ಪಂಪಿನ ಜೋಡಣೆಯಿಂದ ರೋಗಿಯೊಬ್ಬರ ಎದೆಯ ನೀರು ಹೀರಿದ. ಕೊಯ್ತವಿಲ್ಲ, ಹೀರುವಾಗ ಗಾಳಿಗೆ ಎಡೆಯಿಲ್ಲ, ಸೂಜಿ ತೆಗೆದರೆ ತೂತು ತಾನೇ ಮುಚ್ಚುತ್ತದೆ. ಮುಂದೆ ಅವನು ನೂರಕ್ಕೂ ಹೆಚ್ಚು ರೋಗಿಗಳಿಗೆ ಹೀಗೆ ಮಾಡಿದ. ಇವತ್ತು ವಾರ್ಡಿನಲ್ಲಿ 'ಟ್ಯಾಪಿಂಗ್' ಎನ್ನುವುದು ಇದನ್ನೇ. ರೋಗಿ ಮಂಚದ ಅಂಚಿನಲ್ಲಿ ಕೂತು ಮುಂದಿನ ಮೇಜಿನ ಮೇಲೆ ದಿಂಬು ಅಪ್ಪಿ ಬಾಗುತ್ತಾನೆ. ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್. ಆಮೇಲೆ ಸೂಜಿ, ಐವತ್ತು ಎಂಎಲ್ ಸಿರಿಂಜು, ನಡುವೆ 'ತ್ರೀ-ವೇ' ಎಂಬ ಮೂರು ದಾರಿಯ ತಿರುಪು. ಸೂಜಿ ಯಾವಾಗಲೂ ಪಕ್ಕೆಲುಬಿನ ಮೇಲಂಚನ್ನು ಸವರಿಕೊಂಡೇ ಹೋಗಬೇಕು, ಏಕೆಂದರೆ ಪ್ರತಿ ಎಲುಬಿನ ಕೆಳಅಂಚಿನ ಸಂದಿನಲ್ಲಿ ರಕ್ತನಾಳ ಮತ್ತು ನರ ಅಡಗಿ ಓಡುತ್ತವೆ. ರೋಗಿ ಬಿಡದೆ ಕೆಮ್ಮತೊಡಗಿದರೆ ನಿಲ್ಲಿಸಬೇಕು. ಶ್ವಾಸಕೋಶ ಅರಳುತ್ತಿದೆ, ಸಾಕು ಎನ್ನುತ್ತಿದೆ.

ತೆಳು ನೀರಿಗೆ ಸೂಜಿ ಸಾಕು. ಕೀವಿಗೆ ಸಾಲದು, ಅದು ದಿನಗಟ್ಟಲೆ ಸೋರಬೇಕು. 1870ರ ದಶಕದಲ್ಲಿ ಲಂಡನ್ನಿನ ಪ್ಲೇಫೇರ್ ಮಗುವೊಂದರ ಎದೆಯಿಂದ ಬಂದ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿಟ್ಟ. ಹ್ಯಾಂಬರ್ಗಿನ ಬ್ಯೂಲೌ ಅದೇ ದಶಕದಿಂದ ಹಾಗೆಯೇ ಮಾಡುತ್ತ ಬಂದು 1891ರಲ್ಲಿ ವಿವರವಾಗಿ ಬರೆದ. ನೀರು ಇಲ್ಲಿ ಕವಾಟ. ಒಳಗಿನದು ನೀರಿನ ಮೂಲಕ ಹೊರಬೀಳಬಹುದು, ಹೊರಗಿನ ಗಾಳಿ ನೀರು ದಾಟಿ ಹಿಂದಕ್ಕೆ ಹೋಗಲಾರದು. ಒಂದು ಬಾಟ್ಲಿ, ಒಂದು ಕೊಳವೆ, ನಾಲ್ಕು ಬೆರಳು ನೀರು. ಚಿಕ್ಕಬಳ್ಳಾಪುರದ ಮಂಚದ ಕೆಳಗಿರುವುದು ಅದೇ.

ಈ ವಿದ್ಯೆ ನಮ್ಮ ಸೀಮೆಗೆ ತಲುಪಿದ ಹಾದಿ ಮಿಷನ್ ಆಸ್ಪತ್ರೆಗಳದ್ದು ಮತ್ತು ಸಣ್ಣ ರೈಲಿನದು. ಆಗ ಇದೆಲ್ಲ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. 1910ರ ದಶಕದಲ್ಲಿ ಲಂಡನ್ ಮಿಷನ್ನಿನವರು ಚಿಕ್ಕಬಳ್ಳಾಪುರದಲ್ಲಿ ತಮ್ಮ ಕಾರ್ಯದರ್ಶಿಯಾಗಿದ್ದ ವಾರ್ಡ್‌ಲಾ ಥಾಂಪ್ಸನ್ನರ ಹೆಸರಿನಲ್ಲಿ ಆಸ್ಪತ್ರೆ ನಡೆಸತೊಡಗಿದರು. ಆ ಉದ್ದ ಹೆಸರು ಜನರ ನಾಲಿಗೆಗೆ ಹತ್ತಲಿಲ್ಲ; ಮುಂದೆ ಅದು ಸಿಎಸ್‌ಐ ಆಸ್ಪತ್ರೆಯಾಯಿತು. ಕೋಲಾರದಲ್ಲಿ ಮೆಥಡಿಸ್ಟರ ಇಟಿಸಿಎಂ ಆಸ್ಪತ್ರೆ. ಅದೇ ದಶಕದಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ದಾಟಿ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು ಓಡತೊಡಗಿತು. ರೇಷ್ಮೆಗೂಡು, ಆಲೂಗಡ್ಡೆ ಸಾಗಿಸುವ ರೈಲಿನಲ್ಲಿ ಕೆಮ್ಮುವವರೂ ಹತ್ತಿದರು. ಗೌರಿಬಿದನೂರಿನವರಿಗೆ ಬೆಂಗಳೂರು–ಗುಂತಕಲ್ ಮಾರ್ಗ ಇತ್ತು, ಅವರು ನೇರ ಬೆಂಗಳೂರಿಗೆ.

ಚಿಂತಾಮಣಿಯವರಿಗೆ ಬೇರೊಂದು ದಿಕ್ಕೂ ಇತ್ತು. ಗಡಿಯಾಚೆ ಮದನಪಲ್ಲಿ, ಹಲವರಿಗೆ ಬೆಂಗಳೂರಿಗಿಂತ ಹತ್ತಿರ, ಮನೆಮಾತು ತೆಲುಗಾದವರಿಗಂತೂ ಇನ್ನೂ ಹತ್ತಿರ. ದಕ್ಷಿಣ ಭಾರತದ ಹಲವು ಮಿಷನ್‌ಗಳು ಕೂಡಿ ಅಲ್ಲಿ 1912ರಲ್ಲಿ ಯೂನಿಯನ್ ಮಿಷನ್ ಕ್ಷಯರೋಗ ಸ್ಯಾನಟೋರಿಯಂ ಆರಂಭಿಸಿದವು. ಊರಾಚೆಯ ಒಣಗಾಳಿಯ ಬಯಲಲ್ಲಿ ಅದು ಬೆಳೆದು ಆ ಜಾಗಕ್ಕೇ ಆರೋಗ್ಯವರಂ ಎಂದು ಹೆಸರಾಯಿತು. ಮೊದಲ ಮೇಲ್ವಿಚಾರಕ ಡೆನ್ಮಾರ್ಕಿನ ಡಾ. ಕ್ರಿಶ್ಚಿಯನ್ ಫ್ರಿಮೊಡ್ಟ್-ಮೊಲ್ಲರ್. ಮೈಸೂರಿನಲ್ಲಿ ಕ್ಷಯ ಅರಮನೆಯ ಬಾಗಿಲನ್ನೂ ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಅದರಿಂದ ತೀರಿಕೊಂಡರು. ಅವರ ಹೆಸರಿನ ಪಿಕೆಟಿಬಿ ಸ್ಯಾನಟೋರಿಯಂ 1921ರಲ್ಲಿ ತೆರೆಯಿತು.

ಕಥೆ ತಿರುವು ಪಡೆಯುವುದು ಇಲ್ಲಿ. ಶತಮಾನಗಟ್ಟಲೆ ಎದೆಯೊಳಗೆ ಗಾಳಿ ಹೋಗದಿರಲಿ ಎಂದು ಒದ್ದಾಡಿದ ವೈದ್ಯಲೋಕ ಈಗ ಬೇಕೆಂದೇ ಗಾಳಿ ತುಂಬತೊಡಗಿತು. ಇಟಲಿಯ ಫೋರ್ಲಾನಿನಿ 1882ರಲ್ಲಿ ಮುಂದಿಟ್ಟ ವಾದ: ಕ್ಷಯ ಹಿಡಿದ ಶ್ವಾಸಕೋಶಕ್ಕೆ ವಿಶ್ರಾಂತಿ ಬೇಕು, ಗಾಳಿ ತುಂಬಿ ಅದನ್ನು ಕುಸಿಯುವಂತೆ ಮಾಡಿದರೆ ಹುಣ್ಣು ಮುಚ್ಚಿಕೊಳ್ಳುತ್ತದೆ. ಜಗತ್ತಿನ ಸ್ಯಾನಟೋರಿಯಂಗಳೆಲ್ಲ ಇದನ್ನು ಹಿಡಿದವು. ತುಂಬಿದ ಗಾಳಿ ಇಂಗಿಹೋಗುತ್ತದೆಯಾದ್ದರಿಂದ ವಾರಕ್ಕೋ ಎರಡು ವಾರಕ್ಕೋ ಮತ್ತೆ ತುಂಬಬೇಕು, ಹೀಗೆ ವರ್ಷಗಟ್ಟಲೆ. ವಿಪರ್ಯಾಸವೆಂದರೆ, ಹಾಗೆ ಗಾಳಿ ಹಾಕಿಸಿಕೊಂಡವರಲ್ಲಿ ಬಹಳ ಮಂದಿಗೆ ಅದೇ ಸಂದಿನಲ್ಲಿ ನೀರು ಕಟ್ಟುತ್ತಿತ್ತು, ಕೆಲವರಿಗೆ ಕೀವು. ಗಾಳಿ ಹಾಕಿದ ಕೈಯೇ ನೀರು ತೆಗೆಯಬೇಕು. ಮದ್ದೇ ಇಲ್ಲದ ಕಾಲದಲ್ಲಿ ಅವರು ಮತ್ತೇನು ತಾನೆ ಮಾಡಬಹುದಿತ್ತು?

ಅಂಥ ರೋಗಿಗಳಲ್ಲೊಬ್ಬ ಕೆನಡಾದ ಶಸ್ತ್ರವೈದ್ಯ ನಾರ್ಮನ್ ಬೆಥೂನ್. ತನಗೂ ಹೀಗೆ ಗಾಳಿ ಹಾಕಿಸಿಕೊಂಡು ಚೇತರಿಸಿಕೊಂಡವನು. 1935ರಲ್ಲಿ ಅವನು ಪ್ಲೂರಾದ ಸಂದಿಗೆ ಟಾಲ್ಕ್ ಪುಡಿ ಊದಿ ಎರಡು ಪದರಗಳನ್ನು ಅಂಟಿಸುವುದನ್ನು ತೋರಿಸಿದ. ಸಂದೇ ಇಲ್ಲದಿದ್ದರೆ ನೀರು ಎಲ್ಲಿ ನಿಂತೀತು? ಕ್ಯಾನ್ಸರಿನ ಮರುಕಳಿಸುವ ನೀರಿಗೆ ಇಂದಿಗೂ ಟಾಲ್ಕ್ ಬಳಕೆಯಲ್ಲಿದೆ. ಬೆಥೂನ್ 1939ರಲ್ಲಿ ಚೀನಾದ ಯುದ್ಧಭೂಮಿಯಲ್ಲಿ ತೀರಿಕೊಂಡ. ಅವನ ಹೆಸರಿನ ಆಸ್ಪತ್ರೆಯನ್ನು ಮುನ್ನಡೆಸಿದವರು ಕನ್ನಡವೂ ಕಿವಿಗೆ ಬೀಳುವ ಸೊಲ್ಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನೀಸ್.

ಮತ್ತೆ ಬಾಟ್ಲಿಗೆ ಬರೋಣ. ಅದರ ನಿಜವಾದ ಪರೀಕ್ಷೆ ನಡೆದದ್ದು ಬೆಥೂನನಿಗೂ ಮೊದಲೇ, 1918ರಲ್ಲಿ, ಅಮೆರಿಕದ ಸೈನ್ಯದ ಶಿಬಿರಗಳಲ್ಲಿ. ದಡಾರ, ಇನ್‌ಫ್ಲೂಯೆಂಜಾಗಳ ಬೆನ್ನಿಗೆ ಬಂದ ನ್ಯುಮೋನಿಯಾದಲ್ಲಿ ಹುಡುಗರ ಎದೆಯಲ್ಲಿ ಕೀವು ತುಂಬಿತು. ಕೀವು ಕಂಡಲ್ಲಿ ಕೊಯ್ಯಬೇಕು ಎಂಬ ಹಳೆಯ ಪಾಠದಂತೆ ಶಸ್ತ್ರವೈದ್ಯರು ಪಕ್ಕೆಲುಬು ತೆಗೆದು ತೆರೆದುಬಿಟ್ಟರು. ನೂರಕ್ಕೆ ಸುಮಾರು ಮೂವತ್ತು ಮಂದಿ ಸತ್ತರು, ಕೆಲವು ಶಿಬಿರಗಳಲ್ಲಿ ಇನ್ನೂ ಹೆಚ್ಚು. ಏಕೆಂದು ನೋಡಲು ಸೈನ್ಯ ಒಂದು ಆಯೋಗ ಮಾಡಿತು. ಅದರಲ್ಲಿದ್ದ ಇವಾರ್ಟ್ಸ್ ಗ್ರಹಾಂ ವರ್ಜೀನಿಯಾದ ಕ್ಯಾಂಪ್ ಲೀಗೆ ಹೋಗಿ ನೋಡಿದ. ಈ ಕೀವು ಮೊದಮೊದಲು ನೀರಿನಷ್ಟು ತೆಳು. ಶ್ವಾಸಕೋಶ ಇನ್ನೂ ಎಲ್ಲಿಗೂ ಅಂಟಿರುವುದಿಲ್ಲ. ಆಗ ತೆರೆದರೆ ಗಾಳಿ ನುಗ್ಗಿ ಒಂದು ಶ್ವಾಸಕೋಶ ಕುಸಿಯುತ್ತದೆ, ಎದೆಯ ನಡುಗೋಡೆ ಆ ಕಡೆ ಈ ಕಡೆ ಓಲಾಡಿ ಇನ್ನೊಂದೂ ಕೆಲಸ ಬಿಡುತ್ತದೆ. ನಾಯಿಗಳ ಮೇಲೆ ಪ್ರಯೋಗ ಮಾಡಿ ಅವನು ಇದನ್ನು ತೋರಿಸಿದ. ಮೊದಲು ಸೂಜಿ ಅಥವಾ ಮುಚ್ಚಿದ ಕೊಳವೆ, ಕೀವು ಗಟ್ಟಿಯಾಗಿ ಶ್ವಾಸಕೋಶ ಅಂಟಿದ ಮೇಲೆ ಮಾತ್ರ ಕೊಯ್ತ, ನಡುವೆ ಹೊಟ್ಟೆ ತುಂಬ ಊಟ. ಇಷ್ಟು ಬದಲಿಸಿದ ಮೇಲೆ ಸಾವು ಹತ್ತಿಪ್ಪತ್ತರಲ್ಲಿ ಒಂದಕ್ಕೆ ಇಳಿಯಿತು. ಮರುವರ್ಷ, 1919ರ ಡಿಸೆಂಬರ್ 29ರಂದು, ಆಕ್ಸ್‌ಫರ್ಡಿನಲ್ಲಿ ವಿಲಿಯಂ ಆಸ್ಲರ್ ಇದೇ ಎದೆಯ ಕೀವಿನಿಂದ ತೀರಿಕೊಂಡರು. ಆ ಕಾಲದ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದದ್ದು ಅವರ ಪಠ್ಯಪುಸ್ತಕದಿಂದ.

ನೀರು ತೆಗೆಯುವ ಸಲಕರಣೆಗಿಂತ ನೀರು ತುಂಬದಂತೆ ತಡೆದ ಕ್ಷಯದ ಮದ್ದುಗಳು ನಮ್ಮ ಸೀಮೆಯನ್ನು ಹೆಚ್ಚು ಬದಲಿಸಿದವು. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಂದವು. ಮದ್ರಾಸಿನಲ್ಲಿ 193 ರೋಗಿಗಳನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಂನಲ್ಲಿ ಹಾಲು ಮೊಟ್ಟೆ ಕೊಟ್ಟು ಮಲಗಿಸಿ, ಇನ್ನೊಂದು ಪಾಲಿಗೆ ಕೊಳೆಗೇರಿಯ ಮನೆಯಲ್ಲೇ ಅದೇ ಮಾತ್ರೆ ಕೊಟ್ಟು ನೋಡಿದರು. 1959ರಲ್ಲಿ ಪ್ರಕಟವಾದ ಫಲ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸ್ಯಾನಟೋರಿಯಂಗಳ ಕಾಲ ಅಲ್ಲಿಗೆ ಮುಗಿಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. ಅದರ ಸಮೀಕ್ಷಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕೆಮ್ಮುವವರನ್ನು ಹುಡುಕಿ ಹೋದಾಗ ತಿಳಿದದ್ದು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಕೆಮ್ಮಿನ ಸೀಸೆ ಹಿಡಿದು ವಾಪಸಾಗಿದ್ದರು ಎಂದು. ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ 1961ರಿಂದ 68ರವರೆಗೆ ನಡೆದ ಇನ್ನೊಂದು ಸಮೀಕ್ಷೆಯ ಲೆಕ್ಕ ಇನ್ನೂ ನಿಷ್ಠುರ. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಐದು ವರ್ಷದೊಳಗೆ ಅರ್ಧದಷ್ಟು ಮಂದಿ ಇಲ್ಲವಾಗಿದ್ದರು, ಮೂರರಲ್ಲೊಂದು ಪಾಲು ತಾವಾಗಿಯೇ ಗುಣವಾಗಿದ್ದರು, ಉಳಿದವರು ರೋಗ ಹೊತ್ತೇ ಇದ್ದರು.

ಈಗಲೂ ಇಲ್ಲಿ ಹರೆಯದವರೊಬ್ಬರಿಗೆ ಸಂಜೆ ಜ್ವರ, ಪಕ್ಕೆನೋವು, ಒಂದು ಕಡೆ ಒಣಹುಲ್ಲಿನ ಬಣ್ಣದ ನೀರು ಕಂಡರೆ ಡಾಕ್ಟರಿಗೆ ಮೊದಲು ಹೊಳೆಯುವುದು ಕ್ಷಯವೇ. ನೀರಿನಲ್ಲಿ ಎಡಿಎ ಎಂಬ ಕಿಣ್ವದ ಮಟ್ಟ ನಲವತ್ತು ದಾಟಿದರೆ ಅನುಮಾನ ಬಲವಾಗುತ್ತದೆ. ಆಗ ಪೈಪಿನ ಕೆಲಸ ಕಡಿಮೆ. ಉಬ್ಬಸ ತಗ್ಗುವಷ್ಟು ಸೂಜಿಯಲ್ಲಿ ತೆಗೆದು ಆರು ತಿಂಗಳ ಮಾತ್ರೆ ಶುರುಮಾಡಿದರೆ ಉಳಿದ ನೀರು ತಾನೇ ಇಂಗುತ್ತದೆ. "ಪೂರ್ತಿ ತೆಗೀಲಿಲ್ಲ ಡಾಕ್ಟ್ರು" ಎಂದು ಮನೆಯವರು ಕೊಸರಾಡುತ್ತಾರೆ. ಅವರ ಕಣ್ಣಿಗೆ ನೀರೇ ಕಾಯಿಲೆ. ಎರಡು ತಿಂಗಳಿಗೆ ಚೇತರಿಸಿಕೊಂಡು ಮಾತ್ರೆ ಬಿಡುವವರೂ ಅಂಥ ಮನೆಯವರೇ.

ಧೂಳಿನ ಲೆಕ್ಕವೂ ಇದರಲ್ಲಿ ಸೇರಿದೆ. ಹಳೆಯ ಕೋಲಾರ ಜಿಲ್ಲೆಯ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಕಲ್ಲಿನ ಧೂಳು ಕೂತ ಶ್ವಾಸಕೋಶಕ್ಕೆ ಕ್ಷಯ ಬೇಗ ಹತ್ತುತ್ತದೆ. ಗಣಿ ಮುಚ್ಚಿತು, ಧೂಳು ನಿಲ್ಲಲಿಲ್ಲ. ಚಿಕ್ಕಬಳ್ಳಾಪುರದ ಸುತ್ತ ಬೆಟ್ಟ ಕರಗಿಸುವ ಕ್ರಷರುಗಳಿವೆ. ಶಿಡ್ಲಘಟ್ಟದ ರೇಷ್ಮೆ ಬಿಚ್ಚುವ ಮನೆಗಳಲ್ಲಿ ಕಲ್ಲುಧೂಳಿಲ್ಲ, ಆದರೆ ಗೂಡು ಬೇಯುವ ಹಬೆ, ಹುಳುವಿನ ವಾಸನೆ, ಗಾಳಿಯಾಡದ ಕೋಣೆ ಇವೆ. ಒಬ್ಬರು ಕೆಮ್ಮಿದರೆ ಬೇಸಿನ್ನಿನ ಆಚೆ ಕೂತವರಿಗೂ ಪಾಲು.

ಈ ಶತಮಾನದಲ್ಲಿ ವೈದ್ಯರು ಊಹೆ ಬಿಟ್ಟು ವಿಧಾನಗಳನ್ನು ತೂಗಿ ನೋಡತೊಡಗಿದರು. ಮೊದಲ ಜಗಳ ಪೈಪಿನ ದಪ್ಪದ್ದು. ಅದರ ಅಳತೆ 'ಫ್ರೆಂಚ್', ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಹಳೆಯ ಶಸ್ತ್ರವೈದ್ಯರು 28 ಫ್ರೆಂಚಿಗಿಂತ ಕಡಿಮೆ ಮುಟ್ಟುತ್ತಿರಲಿಲ್ಲ. ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ, ಹಾಕುವಾಗ ರೋಗಿ ಕಿರುಚುತ್ತಿದ್ದ. ಈಗ ತಂತಿಯ ಮೇಲೆ ಜಾರಿಸಿ ಹಾಕುವ, ತುದಿ ಹಂದಿಬಾಲದಂತೆ ಸುರುಳಿಯಾದ 'ಪಿಗ್‌ಟೇಲ್' ಬಂದಿದೆ, ಹತ್ತು ಹನ್ನೆರಡು ಫ್ರೆಂಚ್. ಎದೆಯ ಕೀವಿನ ರೋಗಿಗಳ ಲೆಕ್ಕ ತೆಗೆದಾಗ ಸಣ್ಣ ಪೈಪು ಹಾಕಿದವರು ದಪ್ಪ ಪೈಪಿನವರಿಗಿಂತ ಹೆಚ್ಚು ಸತ್ತದ್ದೂ ಕಾಣಲಿಲ್ಲ, ಅವರಿಗೆ ಹೆಚ್ಚು ಆಪರೇಷನ್ ಬೇಕಾದದ್ದೂ ಕಾಣಲಿಲ್ಲ. ನೋವು ಮಾತ್ರ ಕಡಿಮೆ ಇತ್ತು. ಆದರೆ ಕ್ಯಾನ್ಸರಿನ ನೀರಿಗೆ ಟಾಲ್ಕ್ ಹಾಕಿ ಅಂಟಿಸುವಾಗ, 320 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಬ್ರಿಟಿಷ್ ಪರೀಕ್ಷೆಯಲ್ಲಿ, 12 ಫ್ರೆಂಚಿನ ಪೈಪು 24ಕ್ಕೆ ಸರಿಸಾಟಿ ಎಂದು ಸಾಬೀತಾಗಲಿಲ್ಲ. ಹಾಗಾಗಿ ಜಗಳ ಪೂರ್ತಿ ಮುಗಿದಿಲ್ಲ.

ಎರಡನೆಯದು ಗೂಡುಗಟ್ಟಿದ ಕೀವು. ಒಳಗೆ ಜೇಡರಬಲೆಯಂತೆ ಪರದೆಗಳೆದ್ದು ಕೀವು ಕೋಣೆಕೋಣೆಯಾಗಿ ಹಂಚಿಹೋದರೆ ಯಾವ ಪೈಪೂ ನಡೆಯದು. ಪರದೆ ಕರಗಿಸಲು ಸ್ಟ್ರೆಪ್ಟೋಕೈನೇಸ್ ಹಾಕುವ ರೂಢಿ ದಶಕಗಳಿಂದ ಇತ್ತು. 2005ರ ದೊಡ್ಡ ಪರೀಕ್ಷೆ ಅದರಿಂದ ಲಾಭವಿಲ್ಲ ಎಂದಿತು. 2011ರಲ್ಲಿ ಇನ್ನೊಂದು ಪರೀಕ್ಷೆ ಟಿಪಿಎ ಮತ್ತು ಡಿಎನ್‌ಏಸ್ ಎಂಬೆರಡು ಮದ್ದುಗಳನ್ನು ಒಟ್ಟಿಗೆ ಹಾಕಿದರೆ ಫಲವಿದೆ, ಒಂದೊಂದನ್ನೇ ಹಾಕಿದರೆ ಇಲ್ಲ ಎಂದು ತೋರಿಸಿತು. ಆ ಜೋಡಿಯ ಬೆಲೆ ಕೇಳಿದರೆ ನಮ್ಮ ರೈತನ ಎದೆ ಇನ್ನೊಮ್ಮೆ ಬಿಗಿಯುತ್ತದೆ. ಭಾರತದಲ್ಲಿ ಸ್ಟ್ರೆಪ್ಟೋಕೈನೇಸ್, ಯುರೋಕೈನೇಸ್ ಇಂದಿಗೂ ಓಡುತ್ತಿರುವುದು ಹೀಗೆ. ಟಾಲ್ಕ್ ಸಿಗದ ಕಡೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ನನ್ನೇ ಹಾಕಿ ಅಂಟಿಸುವುದೂ ಇದೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ ಎಂದು ನಮ್ಮ ದೇಶದ ವೈದ್ಯರೇ ಬರೆದಿದ್ದಾರೆ. ಕ್ಯಾನ್ಸರಿನವರಿಗೆ ಮೂರನೆಯ ದಾರಿ, ಚರ್ಮದಡಿ ಹಾಯಿಸಿ ಬಿಟ್ಟ ಮೆತ್ತನೆಯ ಕೊಳವೆ. ಮನೆಯಲ್ಲೇ ತಿರುಪು ಬಿಚ್ಚಿ ನೀರು ತೆಗೆದುಕೊಳ್ಳಬಹುದು. 2012ರಲ್ಲಿ 106 ರೋಗಿಗಳಲ್ಲಿ ಹೋಲಿಸಿದಾಗ ಉಬ್ಬಸ ತಗ್ಗಿಸುವಲ್ಲಿ ಅದೂ ಟಾಲ್ಕೂ ಸಮ. ಆಸ್ಪತ್ರೆಯಲ್ಲಿ ಕಳೆಯುವ ದಿನ ಇದರಲ್ಲಿ ಕಡಿಮೆ. ಗುಡಿಬಂಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಸ್ಸು ಹಿಡಿಯಬೇಕಾದವರಿಗೆ ಆ ಉಳಿದ ದಿನಗಳ ಬೆಲೆ ಗೊತ್ತು. ಆದರೆ ಮನೆಯಲ್ಲಿ ಕೈ ತೊಳೆದು ಶುಚಿಯಾಗಿ ಬಿಚ್ಚಿ ಕಟ್ಟುವವರು ಬೇಕು.

ಇಷ್ಟೆಲ್ಲ ಹೋಲಿಕೆಗಳಿಗಿಂತ ದೊಡ್ಡ ವ್ಯತ್ಯಾಸ ಮಾಡಿದ್ದು ಅಲ್ಟ್ರಾಸೌಂಡ್ ಎಂದು ನನ್ನ ಎಣಿಕೆ. ಗ್ರೀಕರ ಜೇಡಿಮಣ್ಣಿನ ಕೆಲಸವನ್ನು ಅದು ಮಾಡುತ್ತದೆ. ಚುಚ್ಚುವ ಹೊತ್ತಿಗೇ ನೀರು, ಶ್ವಾಸಕೋಶ, ಲಿವರ್ ಎಲ್ಲಿವೆ ಎಂದು ಕಣ್ಣಾರೆ ನೋಡಬಹುದು. ಆದರೆ ಹೆಣ್ಣುಭ್ರೂಣ ಉಳಿಸಲು 1994ರಲ್ಲಿ ಬಂದ ಕಾಯ್ದೆಯಡಿ ಪ್ರತಿ ಯಂತ್ರವೂ ನೋಂದಣಿಯಾಗಬೇಕು, ಅದನ್ನು ಬೇಕೆಂದಲ್ಲಿಗೆ ತಳ್ಳಿಕೊಂಡು ಹೋಗುವುದು ಸಲೀಸಲ್ಲ. ಕಾಯ್ದೆ ಬೇಕಾದದ್ದೇ. ಅದರ ಬಿಸಿ ಎದೆಯ ರೋಗಿಗೂ ತಾಗುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಅದಕ್ಕೇ ಎಷ್ಟೋ ಕಡೆ ರೋಗಿಯೇ ಸ್ಕ್ಯಾನಿಂಗ್ ಕೋಣೆಗೆ ಹೋಗಿ ಬೆನ್ನಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿಕೊಂಡು ಬರುತ್ತಾನೆ. ಅಲ್ಲಿ ಕೂತಿದ್ದ ಭಂಗಿ ಇಲ್ಲಿ ಬದಲಾದರೆ ನೀರೂ ಜಾಗ ಬದಲಿಸಿರುತ್ತದೆ, ಗುರುತು ಮಾತ್ರ ಅಲ್ಲೇ ಇರುತ್ತದೆ.

ಪೈಪು ಹಾಕಿ ನಾಲ್ಕೈದು ದಿನವಾದ ಮೇಲೆ ಎಲ್ಲರ ಕಣ್ಣು ಬಾಟ್ಲಿಯ ಮೇಲೆ. ಬೆಳಿಗ್ಗೆ ನರ್ಸ್ ಬಗ್ಗಿ ಅಂಟಿಸಿದ ಪಟ್ಟಿಯ ಮೇಲೆ ಗೆರೆ ಎಳೆಯುತ್ತಾರೆ, ನಿನ್ನೆಗೂ ಇವತ್ತಿಗೂ ಎಷ್ಟು ಇಳಿಯಿತು ಎಂದು. ಆಮೇಲೆ ರೋಗಿಗೆ ಕೆಮ್ಮಲು ಹೇಳಿ ಕೊಳವೆಯೊಳಗಿನ ನೀರನ್ನು ದಿಟ್ಟಿಸುತ್ತಾರೆ. ಅದು ಏರಿಳಿಯದೆ ನಿಂತುಬಿಟ್ಟಿದ್ದರೆ ಎರಡರಲ್ಲೊಂದು: ಶ್ವಾಸಕೋಶ ಪೂರ್ತಿ ಅರಳಿ ಗೋಡೆಗೆ ತಾಗಿದೆ, ಇಲ್ಲವೇ ಪೈಪಿನಲ್ಲಿ ಕೀವು ಕಟ್ಟಿದೆ. ಬಾಟ್ಲಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಎಕ್ಸ್‌ರೇ ಬರೆದುಕೊಡುತ್ತಾರೆ. ಹೆಂಡತಿ ಗಾಲಿಕುರ್ಚಿ ತಳ್ಳುತ್ತಾಳೆ, ಮಗ ಪಕ್ಕದಲ್ಲಿ ಬಾಟ್ಲಿಯನ್ನು ಮೊಣಕಾಲಿಗಿಂತ ಕೆಳಗೆ ಜೋತುಬಿಟ್ಟುಕೊಂಡು, ತುಳುಕದಂತೆ ನಿಧಾನವಾಗಿ ನಡೆಯುತ್ತಾನೆ.